ಬಚ್ಚಲ ನೀರಿನ ಧರ್ಮ

ಧರ್ಮಾಧರ್ಮಗಳ ವಿಚಾರವೆಂದೊಡನೆ ನಮ್ಮ ಮನಸ್ಸು ದೊಡ್ಡ ಸಂಗತಿಗಳ ಕಡೆಗೆ ಓಡುವುದು ಸಹಜ. ರಾಜ್ಯತ್ಯಾಗ, ಪ್ರಾಣತ್ಯಾಗ, ಸತ್ಯಪಾಲನೆ ಇವುಗಳನ್ನು ಕುರಿತ ಕಥೆಗಳನ್ನು ಓದಿ ತಲೆದೂಗುವ ನಾವು, ಮನೆಯ ಹಿತ್ತಲಿನಲ್ಲಿ ದಿನವೂ ನಡೆಯುವುದನ್ನು ವಿಚಾರಕ್ಕೆ ತಕ್ಕುದೆಂದು ಎಣಿಸುವುದಿಲ್ಲ. ನಾನೂ ಎಣಿಸಿದವನಲ್ಲ. ಕಳೆದ ವರ್ಷ ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರವು ನೀರನ್ನು ಹೊರಕ್ಕೆ ಬಿಡದೆ ನಿಂತುಕೊಂಡು, ಈ ವಿಷಯದಲ್ಲಿ ನನಗೆ ಒಂದು ಪಾಠವನ್ನು ಹೇಳಿತು. ಪಾಠವು ಪೂರ್ತಿಯಾಗಿ ಬಂದಿದೆಯೆಂದು ಹೇಳಲಾರೆ. ಬಂದಷ್ಟನ್ನು ವಾಚಕರ ಮುಂದೆ ಇಡುತ್ತೇನೆ.

ಪ್ರಶ್ನೆ ಇದು: ನಾವು ಶುಚಿಯಾಗುವುದೆಂದರೆ ಕೊಳೆಯನ್ನು ಇಲ್ಲವಾಗಿಸುವುದೆ, ಅಥವಾ ಅದನ್ನು ಇನ್ನೊಂದು ಕಡೆಗೆ ಕಳುಹಿಸುವುದೆ? ಕಳುಹಿಸುವುದೇ ಆದಲ್ಲಿ, ಕಳುಹಿಸಿದವನ ಹೊಣೆಯು ಎಲ್ಲಿಯವರೆಗೆ ಹೋಗುತ್ತದೆ?

ಚಿತ್ರದುರ್ಗದಲ್ಲಿ ಬೆಟ್ಟದ ಮಗ್ಗುಲಿನ ಇಳಿಜಾರಿನಲ್ಲಿ ನಮ್ಮ ಮನೆ. ಮುಂಬಾಗಿಲು ಮೇಲಿನ ಬೀದಿಗೆ, ಹಿತ್ತಲು ಕೆಳಗಿನ ಓಣಿಯ ಕಡೆಗೆ. ಒಂದು ಬೆಳಿಗ್ಗೆ ಯಂತ್ರವು ಬಟ್ಟೆಗಳನ್ನು ನೀರಿನಲ್ಲಿ ಮುಳುಗಿಸಿಕೊಂಡು ಸುಮ್ಮನೆ ಕುಳಿತಿತು. ಒಳಗಿನ ನೀರು ಖಾಲಿಯಾಗಿದೆಯೆಂದು ಅದಕ್ಕೆ ತಿಳಿಯುವವರೆಗೆ ಅದು ಬಟ್ಟೆಗಳನ್ನು ಹಿಂಡಲು ವೇಗವಾಗಿ ತಿರುಗುವುದಿಲ್ಲ. ಹೀಗಾಗಿ ನೀರು ಹೋಗದಿದ್ದರೆ ಕೆಲಸವೆಲ್ಲವೂ ನಿಂತಂತೆಯೇ. "ಹತ್ತು ವರ್ಷದ ಹಳೆಯದು, ಇನ್ನು ಹೊಸದನ್ನು ಕೊಂಡುಬಿಡಿ ಮಾವ" ಎಂದು ಸೋದರಳಿಯನು ಸಲಹೆಯಿತ್ತನು. ಒಂದು ವಸ್ತುವು ಏತಕ್ಕಾಗಿ ನಿಂತಿತೆಂಬುದನ್ನು ತಿಳಿಯದೆ ಅದನ್ನು ಬೀದಿಗೆ ಹಾಕುವುದು ನನಗೆ ಸರಿಬೀಳಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ವಿಜ್ಞಾನ ಹೇಳಿಕೊಟ್ಟವನಿಗೆ ಅಷ್ಟಾದರೂ ಅಭಿಮಾನವಿರಬೇಡವೆ?

ಇಂತಹ ಯಂತ್ರದ ರಚನೆ ಬಹಳ ಗಹನವಾದುದಲ್ಲ. ಮುಂದೆ ಬಾಗಿಲುಳ್ಳ ಯಂತ್ರದಲ್ಲಿ ತೊಟ್ಟಿಯ ತಳದಿಂದ ಒಂದು ರಬ್ಬರಿನ ಕೊಳವೆ ಇಳಿದು ಬಂದು ಒಂದು ಜಾಲರಿಯನ್ನು ಸೇರುತ್ತದೆ. ಅದರ ಹಿಂದೆ ಚಿಕ್ಕ ಪಂಪು. ಪಂಪಿನಿಂದ ಪೈಪು ಸೊಂಟದೆತ್ತರದವರೆಗೆ ಏರಿ ಹೊರಕ್ಕೆ ಹೋಗುತ್ತದೆ. ಪೈಪನ್ನು ಹೀಗೆ ಏರಿಸದೆ ನೆಲದ ಮೇಲೆ ಬಿಟ್ಟರೆ ತುಂಬುತ್ತಿರುವ ನೀರು ತಾನಾಗಿಯೇ ಇಳಿದುಹೋಗುವುದು. ಮೇಲೆ ಮುಚ್ಚಳವಿರುವ ಯಂತ್ರಗಳಲ್ಲಿ ಅನೇಕಕ್ಕೆ ಪಂಪು ಇರುವುದಿಲ್ಲ; ತಳದ ಕವಾಟ ತೆರೆದಾಗ ನೀರು ತನ್ನ ಭಾರದಿಂದಲೇ ಇಳಿಯುತ್ತದೆ. ಆದಕಾರಣ ಅವುಗಳ ಪೈಪನ್ನು ಎತ್ತರಕ್ಕೆ ಕಟ್ಟಿದರೆ ನೀರು ಹೋಗದು. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತ. ಇದನ್ನು ಅರಿಯದೆ ಕೆಟ್ಟಿತೆಂದು ಕೂಗಿಕೊಳ್ಳುವ ಮನೆಗಳು ಹಲವು.

ನಾನು ಮೊದಲು ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ನೀರು ಆರುವವರೆಗೆ ಕಾದು, ಕೆಳಗಿನ ಮೂಲೆಯ ಪುಟ್ಟ ಬಾಗಿಲನ್ನು ತೆರೆದು, ಅಗಲವಾದ ತಟ್ಟೆಯೊಂದನ್ನಿಟ್ಟು, ಜಾಲರಿಯ ತಿರುಪನ್ನು ಮೆಲ್ಲಮೆಲ್ಲನೆ ಸಡಿಲಿಸಿದೆನು. ಒಮ್ಮೆಗೇ ತಿರುಗಿಸಿದರೆ ಬಚ್ಚಲಮನೆಯೆಲ್ಲ ಕೆರೆಯಾಗುವುದು. ಜಾಲರಿಯಲ್ಲಿ ಸಿಕ್ಕಿದ ಸಂಪತ್ತು ಹೀಗಿದ್ದಿತು: ಎರಡು ರೂಪಾಯಿಯ ಒಂದು ನಾಣ್ಯ, ತಲೆಗೂದಲಿನ ಒಂದು ಪಿನ್ನು, ಮೊಮ್ಮಗನ ಅಂಗಿಯ ಗುಂಡಿ, ಇವುಗಳನ್ನೆಲ್ಲ ಸುತ್ತಿಕೊಂಡ ಕೂದಲು ಮತ್ತು ನೂಲಿನ ಗಂಟು. "ಆ ನಾಣ್ಯ ನಿಮ್ಮ ಷರಟಿನ ಜೇಬಿನದೇ" ಎಂದು ನನ್ನ ಮನೆಯಾಕೆ ನಿರ್ಣಯ ಕೊಟ್ಟಳು. ಪಂಪಿನ ಪುಟ್ಟ ಚಕ್ರವನ್ನು ಕಡ್ಡಿಯಿಂದ ತಿರುಗಿಸಿ ನೋಡಿ, ಎಲ್ಲವನ್ನೂ ತೊಳೆದು ಜೋಡಿಸಿದೆನು. ಆ ದಿನ ನೀರು ಹೋಯಿತು, ಆದರೆ ನಿಧಾನವಾಗಿ. ಮರುದಿನ ಪಂಪು ಗುಂಯ್‌ಗುಟ್ಟಿತು. ನೀರು ಸ್ವಲ್ಪ ಏರಿ ಮತ್ತೆ ತೊಟ್ಟಿಗೇ ಇಳಿಯಿತು.

ಆಗ ಪೈಪಿನ ತುದಿಯನ್ನು ಗೋಡೆಯಿಂದ ಬಿಡಿಸಿ ಬಕೀಟಿನ ಮೇಲೆ ಹಿಡಿದೆನು. ನೀರು ಧಾರಾಕಾರವಾಗಿ ಬಂದಿತು! ಯಂತ್ರದಲ್ಲಿ ಇನ್ನು ದೋಷವಿರಲಿಲ್ಲ. ದೋಷವಿದ್ದುದು ಗೋಡೆಯಾಚೆ. ದುರ್ವಾಸನೆಯೂ ಜಿರಲೆಯೂ ಬಾರದಿರಲೆಂದು ಆ ಪೈಪನ್ನು ಗೋಡೆಯ ಕೊಳವೆಯೊಳಕ್ಕೆ ರಬ್ಬರು ಸುತ್ತಿ ಬಿಗಿಯಾಗಿ ತುರುಕಿಸಿದ್ದೆನು. ಆ ಕೊಳವೆ ಹಿತ್ತಲಿನ ನೆಲದೊಳಗೆ ಹರಿದು, ಕಾಂಪೌಂಡನ್ನು ದಾಟಿ, ಕೆಳಗಿನ ಓಣಿಯಲ್ಲಿ ಎಲ್ಲಿಯೋ ಹೊರಬೀಳುತ್ತಿದ್ದಿತು. ಎಲ್ಲಿ ಎಂಬುದನ್ನು ನಾನು ನೋಡಿರಲಿಲ್ಲ. ಆ ಮನೆಯಲ್ಲಿ ಹನ್ನೊಂದು ವರ್ಷ ವಾಸವಾಗಿದ್ದರೂ ಆ ಓಣಿಗೆ ಒಂದು ದಿನವೂ ಕಾಲಿಟ್ಟವನಲ್ಲ.

ಅಂದು ಬಳಸಿಕೊಂಡು ಹೋದೆನು. ನಮ್ಮ ಕೊಳವೆಯ ಬಾಯಿಗೆ ಮಣ್ಣು ತುಂಬಿದ ಗೋಣೀಚೀಲವನ್ನು ಒತ್ತಿ, ಮೇಲೊಂದು ಚಪ್ಪಡಿಕಲ್ಲನ್ನು ಆನಿಸಿದ್ದರು. ಎದುರಿಗೇ ಒಂದು ಚಿಕ್ಕ ಮನೆಯ ಹೊಸಿಲು. ಹೊಸಿಲಿನಲ್ಲಿ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು.

"ಇದನ್ನು ಇಲ್ಲಿ ಇಟ್ಟವರು ಯಾರು, ಅಜ್ಜಿ?" ಎಂದು ಕೇಳಿದೆನು. ನನ್ನ ದನಿಯಲ್ಲಿ ಸಿಟ್ಟಿದ್ದಿತು.

"ನಾನೇ ಇಟ್ಟೆ, ಮೇಷ್ಟ್ರೇ. ನಿಮ್ಮ ಮನೆ ನೊರೆ ದಿನಾ ನಮ್ಮ ಬಾಗ್ಲಿಗೇ ಬರ್ತೈತೆ. ಹೋದ ತಿಂಗಳು ಸೊಸೆ ಜಾರಿ ಬಿದ್ಲು. ಐದು ತಿಂಗಳ ಬಸುರಿ. ದೇವರು ದೊಡ್ಡೋನು, ಏನೂ ಆಗಲಿಲ್ಲ."

"ಬಂದು ಹೇಳಬಾರದಾಗಿತ್ತೆ?"

"ಎರಡು ಸಲ ಬಂದಿದ್ದೆ. ಒಂದು ಸಲ ಗೇಟಿಗೆ ಬೀಗ ಇತ್ತು. ಇನ್ನೊಂದು ಸಲ ನಿಮ್ಮನೇಲಿ ಪೂಜೆ ನಡೀತಿತ್ತು, ಎಲ್ರೂ ಮಡೀಲಿದ್ರಿ. ಬಚ್ಚಲ ನೀರಿನ ಮಾತು ಆಗ ಹೆಂಗೆ ಆಡೋದು ಅಂತ ತಿರುಗಿ ಬಂದೆ."

ನನಗೆ ಉತ್ತರ ತೋಚಲಿಲ್ಲ. ಮನೆಗೆ ಬಂದ ಮೇಲೆ ಉತ್ತರಗಳು ಬೇಕಾದಷ್ಟು ತೋಚಿದವು. ಅಂತಹ ಉತ್ತರಗಳನ್ನು ನಂಬಬಾರದೆಂದು ಈಗ ಅರಿತಿದ್ದೇನೆ. ಆದರೂ ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ನ್ಯಾಯ.

ಮೊದಲನೆಯ ಉತ್ತರ: ನನಗೆ ಗೊತ್ತಿರಲಿಲ್ಲ. ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟೆಂಬುದು ಲೋಕದ ಮಾತು. ಅದು ಒಳ್ಳೆಯ ಮಾತೇ. ಆದರೆ ಅಜ್ಞಾನದಲ್ಲಿ ಎರಡು ಬಗೆಯುಂಟು. ಎಷ್ಟು ಕಣ್ತೆರೆದರೂ ಕಾಣದಿರುವುದು ಒಂದು. ಕಾಣದಿರಲೆಂದು ನಾವೇ ಏರ್ಪಡಿಸಿಕೊಂಡದ್ದು ಇನ್ನೊಂದು. ಕೊಳವೆಯನ್ನು ನೆಲದೊಳಗೆ ಹೂಳಿಸಿದುದೇ ಆ ನೀರು ನಮ್ಮ ಕಣ್ಣಿಗೆ ಬೀಳಬಾರದೆಂದು. ನನ್ನ ಅಜ್ಞಾನವನ್ನು ನಾನು ಕೂಲಿ ಕೊಟ್ಟು ಕಟ್ಟಿಸಿದ್ದೆನು. ಇಂತಹ ಅಜ್ಞಾನಕ್ಕೆ ಮೊದಲನೆಯದರ ಕ್ಷಮೆಯನ್ನು ಕೇಳುವುದು ಹೇಗೆ?

ಎರಡನೆಯ ಉತ್ತರ: ನಾನು ಕಂದಾಯ ಕಟ್ಟುತ್ತೇನೆ, ಚರಂಡಿ ನಗರಸಭೆಯ ಹೊಣೆ. ಇದರಲ್ಲಿ ಸತ್ಯಾಂಶ ಬಹಳವಿದೆ. ಒಬ್ಬ ಗೃಹಸ್ಥನು ಊರಿಗೆಲ್ಲ ಒಳಚರಂಡಿಯನ್ನು ತೋಡಲಾರನು. ಆ ಕೆಲಸ ಎಲ್ಲರ ಹಣದಿಂದ, ಎಲ್ಲರ ಪರವಾಗಿ ನಡೆಯತಕ್ಕದ್ದು. ಆದರೆ ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲವೆಂದು ಅರ್ಥವಾಗಕೂಡದು. ನಗರಸಭೆಯ ಚರಂಡಿ ಆರಂಭವಾಗುವುದಕ್ಕೆ ಮುಂಚೆ ನನ್ನ ಕೊಳವೆಯ ಬಾಯಿ ಇದೆ. ಅಲ್ಲಿಯವರೆಗಿನ ಹಾದಿಯನ್ನು ನಡೆದು ನೋಡುವುದಕ್ಕೆ ಯಾವ ಅಧಿಕಾರಿಯ ಅಪ್ಪಣೆಯೂ ಬೇಕಿರಲಿಲ್ಲ.

ಮೂರನೆಯ ಉತ್ತರ ಇವೆರಡಕ್ಕಿಂತ ಗಟ್ಟಿಯಾದುದು: ನೀರಿನ ಸ್ವಭಾವವೇ ತಗ್ಗಿಗೆ ಹರಿಯುವುದು, ಮೇಲಿನವನು ಬಟ್ಟೆ ಒಗೆಯದೆ ಇರಲು ಸಾಧ್ಯವೆ? ಸಾಧ್ಯವಿಲ್ಲ, ನಿಜ. ಯಂತ್ರವನ್ನು ಬಿಟ್ಟು ಕಲ್ಲಿಗೆ ಹಿಂತಿರುಗೋಣವೆಂದು ಹೇಳುವವರ ಪಕ್ಷ ನನ್ನದಲ್ಲ. ಒಗೆದು ಒಗೆದು ನನ್ನ ತಾಯಿಯ ಅಂಗೈಗಳು ಬಿರಿಯುತ್ತಿದ್ದುದನ್ನು ಕಂಡಿದ್ದೇನೆ. ಕಲ್ಲಿಗೆ ಹಿಂತಿರುಗಬೇಕೆನ್ನುವವರು ಸಾಮಾನ್ಯವಾಗಿ ಒಗೆಯುವವರಲ್ಲ. ಆದರೆ ನೀರು ತಗ್ಗಿಗೆ ಹರಿಯುವುದು ಪ್ರಕೃತಿಯ ನಿಯಮವೆಂಬುದರಿಂದ, ಮೇಲಿರುವವನು ತಗ್ಗಿನಲ್ಲಿರುವವನನ್ನು ಮರೆಯಬಹುದೆಂಬ ನಿಯಮವು ಹುಟ್ಟುವುದಿಲ್ಲ. ನಮ್ಮ ಜಿಲ್ಲೆಯ ಹಿರಿಯರು ಇದನ್ನು ಬಲ್ಲವರಾಗಿದ್ದರು.

ಈ ಬಯಲುಸೀಮೆಯಲ್ಲಿ ಬದುಕಿದವರೆಲ್ಲ ನೀರಿನ ಲೆಕ್ಕ ಹಾಕಿಯೇ ಬದುಕಿದವರು. ಚಂದ್ರವಳ್ಳಿಯ ಬಂಡೆಯ ಮೇಲೆ 4ನೆಯ ಶತಮಾನದ ಕದಂಬ ಮಯೂರಶರ್ಮನ ಶಾಸನವು ಹೇಳುವುದು ಒಂದು ಕೆರೆಯ ವಿಷಯವನ್ನು. ದುರ್ಗದ ಕೋಟೆಯೊಳಗೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಲ್ಲಿಂದ ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಮುಂದೆ ಕೆಳಗಿನ ಹೊಂಡಗಳಿಗೆ ಹರಿಯುವಂತೆ ಮಾಡಿದ ಏರ್ಪಾಡನ್ನು ಇಂದಿಗೂ ನೋಡಬಹುದು. ಹಿರಿಯೂರಿನ ಮೇಲ್ಗಡೆ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1897ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರಕ್ಕೆ ಕೋಡಿಯನ್ನು ಬಿಟ್ಟರು. ಆ ಕೋಡಿಯಲ್ಲಿ ನೀರು 1933ರಲ್ಲಿ ಹರಿಯಿತು. ಮತ್ತೆ ಹರಿದುದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಒಂದು ತಲೆಮಾರಿನವರು ಹುಟ್ಟಿ ಮುದುಕರಾಗುವಷ್ಟು ಕಾಲ ಆ ದಾರಿ ಬರಿದಾಗಿದ್ದರೂ ಅದನ್ನು ವ್ಯರ್ಥವೆಂದು ಯಾರೂ ಮುಚ್ಚಲಿಲ್ಲ. ಏರಿಯನ್ನು ಕಟ್ಟುವವನು ತೂಬು ಎಲ್ಲಿ, ಕೋಡಿ ಎಲ್ಲಿ, ಕೋಡಿಬಿದ್ದ ನೀರು ಯಾರ ಹೊಲದ ಮೇಲೆ ಹೋಗುವುದು ಎಂಬುದನ್ನು ಮೊದಲೇ ಯೋಚಿಸಬೇಕು. ನೀರನ್ನು ಹಿಡಿಯುವ ವಿದ್ಯೆಯಲ್ಲಿ ಬಿಡುವ ವಿದ್ಯೆಯೂ ಸೇರಿದೆ.

ಆದರೆ ಈ ಹೋಲಿಕೆಯನ್ನು ನಾನು ಬಹುದೂರ ಎಳೆಯಲಾರೆ. ಕೆರೆಯ ಕೋಡಿಯ ನೀರಿಗಾಗಿ ಕೆಳಗಿನವನು ಆಸೆಯಿಂದ ಕಾದಿರುತ್ತಾನೆ. ಬಚ್ಚಲ ನೀರಿಗೆ ಯಾರು ಕಾದಿರುತ್ತಾರೆ? ಬೇಕಾದುದನ್ನು ಕೊಡುವಾಗ ಕೆಳಗಿನವನ ನೆನಪು ತಾನಾಗಿ ಬರುವುದು. ಕೊಟ್ಟವನಿಗೆ ಹೆಸರೂ ಬರುವುದು, ಶಾಸನವೂ ನಿಲ್ಲುವುದು. ಬೇಡದುದನ್ನು ಕಳುಹಿಸುವಾಗಲೇ ನೆನಪಿನ ಪರೀಕ್ಷೆ. ಕೆರೆ ಕಟ್ಟಿಸಿದೆನೆಂದು ಕಲ್ಲಿನಲ್ಲಿ ಬರೆಯಿಸಿದವರು ಅನೇಕರು. ಚರಂಡಿ ತೋಡಿಸಿದೆನೆಂದು ಬರೆಯಿಸಿದವನ ಶಾಸನವನ್ನು ನಾನು ಕಂಡಿಲ್ಲ.

ಹಿಂದೆ ಈ ಕೊಳೆ ಎಲ್ಲಿಗೆ ಹೋಗುತ್ತಿದ್ದಿತು? ಮೈಲಿಗೆಯ ಬಟ್ಟೆಗಳನ್ನು ಗಂಟುಕಟ್ಟಿ ಮಡಿವಾಳನಿಗೆ ಕೊಡುತ್ತಿದ್ದರು. ಅವನು ಹೊಳೆಯ ಕಲ್ಲಿಗೆ ಒಯ್ದು ಒಗೆದು ತರುತ್ತಿದ್ದನು. ನಮ್ಮ ಭಾಷೆಯ ಒಂದು ಪದದಲ್ಲಿಯೇ ಎಂತಹ ವೈಷಮ್ಯ ಅಡಗಿದೆ ನೋಡಿ! ಮಡಿಯನ್ನು ಮಾಡಿಕೊಡುವವನು ಮಡಿವಾಳ. ಮಡಿಯನ್ನು ಉಡುವವರು ಅವನನ್ನೇ ದೂರವಿಟ್ಟರು. ಕೊಳೆ ನಮ್ಮದು, ಅದರ ಕಳಂಕ ಮಾತ್ರ ತೆಗೆದವನದು! ಹನ್ನೆರಡನೆಯ ಶತಮಾನದ ಶರಣರು ಈ ನ್ಯಾಯವನ್ನು ತಲೆಕೆಳಗು ಮಾಡಿದರು. ಶರಣರ ಬಟ್ಟೆಯನ್ನು ಮಡಿಮಾಡುವ ಕಾಯಕದ ಮಾಚಿದೇವನು ಅವರ ನಡುವೆ ವೀರಗಣಾಚಾರಿಯೆಂದು ಮನ್ನಣೆ ಪಡೆದನು. ಆತನನ್ನು ಆರಾಧಿಸುವ ಮಡಿವಾಳ ಸಮಾಜದ ಗುರುಪೀಠವು ನಮ್ಮ ಚಿತ್ರದುರ್ಗದಲ್ಲಿಯೇ ಇದೆ. ಮಾಚಿದೇವನ ಹೆಸರನ್ನು ಗೌರವದಿಂದ ಹೇಳುವ ಊರಿನಲ್ಲಿಯೇ ನಾನೊಂದು ಕೊಳವೆಯನ್ನು ಹೂಳಿಸಿ, ಕೊಳೆಯನ್ನು ಒಬ್ಬ ಮುದುಕಿಯ ಹೊಸಿಲಿಗೆ ಕಳುಹಿಸುತ್ತಿದ್ದೆನು.

ಯಂತ್ರವು ಬಂದುದರಿಂದ ಒಗೆಯುವ ಶ್ರಮ ನೀಗಿತು. ಕೊಳೆಯ ಕೊನೆಯ ಗತಿಯ ಪ್ರಶ್ನೆ ನೀಗಲಿಲ್ಲ. ಅದು ಇನ್ನೂ ಯಾರಾದರೊಬ್ಬರ ಕೈಗೆ ಬೀಳುತ್ತದೆ. ಮನುಷ್ಯರಿಂದ ಮಲ ಹೊರಿಸುವುದನ್ನೂ, ರಕ್ಷಣೆಯ ಸಾಧನಗಳಿಲ್ಲದೆ ಅವರನ್ನು ಒಳಚರಂಡಿ ಮತ್ತು ಮಲಗುಂಡಿಗಳಿಗೆ ಇಳಿಸುವುದನ್ನೂ ನಿಷೇಧಿಸುವ ಕಾನೂನು 2013ರಲ್ಲಿ ಆಯಿತು. ಆಮೇಲೆಯೂ ಗುಂಡಿಗಿಳಿದು ಉಸಿರುಕಟ್ಟಿ ಸತ್ತವರ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ದೊಡ್ಡ ಊರಿನಲ್ಲಿ ಇದೇ ಕಥೆ ದೊಡ್ಡದಾಗಿ ನಡೆಯುತ್ತದೆ. ಬೆಂಗಳೂರಿನ ಬಚ್ಚಲುಗಳ ನೀರು ಬೆಳ್ಳಂದೂರು ಕೆರೆಯಲ್ಲಿ ನೊರೆಯ ರಾಶಿಯಾಗಿ ರಸ್ತೆಗೆ ಹಾರಿತು. 2015ರಲ್ಲಿಯೂ 2017ರಲ್ಲಿಯೂ ಆ ಕೆರೆಯ ಮೇಲೆ ಬೆಂಕಿ ಎದ್ದಿತು. 2018ರಿಂದ ಆ ನಗರದ ಕೊಳಚೆ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಕೆರೆಗಳು ತುಂಬಿದುವೆಂದು ಸಂತೋಷಪಡುವವರೂ ಅಲ್ಲಿದ್ದಾರೆ, ಶುದ್ಧಿ ಸಾಲದೆಂದು ಅಂಜುವವರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ಒಂದು ಸಂಗತಿ ಸ್ಪಷ್ಟ: ನಾವು ಹೊರಕ್ಕೆ ಹಾಕಿದುದು ಇನ್ನೊಬ್ಬರ ಒಳಕ್ಕೆ ಹೋಗುತ್ತದೆ.

ಹಾಗಾದರೆ ಕಳುಹಿಸಿದವನ ಹೊಣೆ ಎಲ್ಲಿಯವರೆಗೆ? ಸಮುದ್ರದವರೆಗೆ ಎಂದರೆ ಯಾರೂ ಹೊರಲಾರದ ಹೊಣೆಯಾಗುತ್ತದೆ. ಹೊರಲಾರದ ಹೊಣೆಯನ್ನು ಜನರು ಬೇಗನೆ ಕೆಳಗಿಳಿಸಿಬಿಡುತ್ತಾರೆ. ಗೋಡೆಯವರೆಗೆ ಎಂದರೆ ಹೊಣೆಯೇ ಇಲ್ಲದಂತಾಗುತ್ತದೆ. ನನಗೆ ತೋರುವುದು ಇಷ್ಟು: ನಾನು ನಡೆದುಹೋಗಿ ನೋಡಬಲ್ಲಷ್ಟು ದೂರ ನಾನೇ ನೋಡಬೇಕು, ಅದರಾಚೆಗೆ, ನನ್ನಂಥವರೆಲ್ಲರೊಡನೆ ಸೇರಿ ಕೇಳಬೇಕು. ಮೊದಲನೆಯದನ್ನು ಮಾಡದವನು ಎರಡನೆಯದನ್ನು ಮಾಡುವಾಗ ಅವನ ಮಾತಿಗೆ ತೂಕ ಬರುವುದಿಲ್ಲ. ಎರಡನೆಯದನ್ನು ಬಿಟ್ಟು ಮೊದಲನೆಯದರಲ್ಲಿಯೇ ತೃಪ್ತನಾದವನು ತನ್ನ ಹಿತ್ತಲನ್ನು ಮಾತ್ರ ಚೊಕ್ಕಟ ಮಾಡಿಕೊಂಡಂತೆ.

ನಾವು ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ. ಹಳೆಯ ಮನೆಗಳಲ್ಲಿ ಬಚ್ಚಲಗುಂಡಿ ಇರುತ್ತಿದ್ದಿತು. ಅದರ ಪಕ್ಕದಲ್ಲಿ ಬಾಳೆ, ಕೆಸುವು ಬೆಳೆಯುತ್ತಿದ್ದವು. ಅದನ್ನೇ ಮತ್ತೆ ತೋಡೋಣವೆಂದು ಹೊರಟೆವು. ಕೊಳವೆಬಾವಿಯಿಂದ ದೂರವಾಗಿ, ಮಗನೂ ನಾನೂ ಗುದ್ದಲಿ ಹಿಡಿದೆವು. ಮೂರು ಅಡಿಗೆ ದುರ್ಗದ ಬಂಡೆ ಸಿಕ್ಕಿತು. ತಳಕ್ಕೆ ದಪ್ಪಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿದೆವು. ಯಂತ್ರದ ಪೈಪನ್ನು ಬಿಗಿಯಾಗಿ ತುರುಕದೆ, ನೀರು ಎಲ್ಲಿಯಾದರೂ ಕಟ್ಟಿಕೊಂಡರೆ ಕೂಡಲೆ ಕಣ್ಣಿಗೆ ಕಾಣುವಂತೆ ಸಡಿಲವಾಗಿ ಬಿಟ್ಟೆವು. ಸೋಪಿನ ಪುಡಿಯನ್ನೂ ಕಡಿಮೆ ಮಾಡಿದೆವು. ನಮ್ಮ ಕೊಳವೆಬಾವಿಯ ನೀರು ಗಡಸು. ಗಡಸು ನೀರಿನಲ್ಲಿ ನೊರೆ ಏಳದೆಂದು ಎಲ್ಲರೂ ಪುಡಿಯನ್ನು ಸುರಿಯುವುದುಂಟು. ನೊರೆಯಿಂದ ಶುಚಿಯನ್ನು ಅಳೆಯಲಾಗದು. ಹೆಚ್ಚಾದ ಪುಡಿ ಬಟ್ಟೆಯಲ್ಲಿ ಅರ್ಧ ಉಳಿದು, ಓಣಿಯಲ್ಲಿ ಅರ್ಧ ಜಾರಿಸುತ್ತದೆ. ಕೊನೆಯ ಸಲ ಜಾಲಿಸಿದ ನೀರನ್ನು ಬಾಳೆಗೆ ಬಿಟ್ಟೆವು, ಅದನ್ನೂ ದಿನ ಬಿಟ್ಟು ದಿನ. ಸೋಪಿನ ಉಪ್ಪು ಒಂದೇ ಕಡೆ ಸೇರಿದರೆ ಮಣ್ಣು ಕೆಡುತ್ತದೆ. ಓಣಿಗೆ ಮುಚ್ಚಿದ ಚರಂಡಿ ಬೇಕೆಂದು ನಗರಸಭೆಗೆ ಬರೆದ ಅರ್ಜಿಯಲ್ಲಿ ಮೊದಲು ಅಜ್ಜಿಯ ಹೆಬ್ಬೆಟ್ಟು, ಅದರ ಕೆಳಗೆ ನನ್ನ ರುಜು. ಚರಂಡಿ ಇನ್ನೂ ಆಗಿಲ್ಲ.

ಇಷ್ಟಾದ ಮೇಲೆ ನಾನು ಸ್ವಲ್ಪ ಹೆಮ್ಮೆಯಿಂದಲೇ ಇದ್ದೆನು. ಮಳೆಗಾಲ ಬಂದಿತು. ಒಂದು ಸಂಜೆ ಗೇಟಿನ ಸದ್ದಾಯಿತು. ಅಜ್ಜಿ ಸೊಸೆಯೊಡನೆ ನಿಂತಿದ್ದಳು; ಸೊಸೆಯ ತೋಳಿನಲ್ಲಿ ಮೂರು ತಿಂಗಳ ಕೂಸು.

"ಮೇಷ್ಟ್ರೇ, ನಿಮ್ಮ ಗುಂಡಿ ನೀರು ಬಂಡೆ ಮೇಲಾಸಿ ಇಳ್ದು ನಮ್ಮ ಹಿಂದಿನ ಗೋಡೆ ತೇವ ಮಾಡ್ತೈತೆ" ಎಂದಳು.

ನಾವು ಮೂವರೂ ಹಿತ್ತಲಿಗೆ ಹೋಗಿ ನೋಡಿದೆವು. ಅವಳ ಮಾತು ಸರಿಯಾಗಿದ್ದಿತು. ಮರುವಾರ ಆ ಗುಂಡಿಯನ್ನು ಮುಚ್ಚಿ, ಹಿತ್ತಲಿನ ಇನ್ನೊಂದು ಮಗ್ಗುಲಲ್ಲಿ, ಮಣ್ಣು ಆಳವಾಗಿರುವ ಕಡೆ, ಉದ್ದನೆಯ ಪಾತಿಯೊಂದನ್ನು ತೋಡಿ ಬಾಳೆಯ ಸಾಲನ್ನು ಅಲ್ಲಿಗೆ ಬದಲಿಸಿದೆವು. ಅದು ಎಷ್ಟು ಕಾಲ ತಡೆಯುವುದೋ ನೋಡಬೇಕು. ತಡೆಯದಿದ್ದರೆ ಅಜ್ಜಿ ಬಂದು ಹೇಳುವಳು. ಗೇಟಿಗೆ ಈಗ ಹಗಲು ಬೀಗ ಹಾಕುವುದಿಲ್ಲ.